ನೋಡಿದವರೆಷ್ಟು, ಉಳಿಸಿಕೊಂಡವರಾರು

ಮಗೂ,

ಹೋದ ವಾರ ಪಾಠ ಮುಗಿಸಿ ಹೊರಡುವಾಗ ಮೊಬೈಲನ್ನು ನನ್ನ ಮುಂದೆ ಹಿಡಿದು ನೀನೊಂದು ಪ್ರಶ್ನೆ ಕೇಳಿದೆ. ಸಿನಿಮಾ ಹಾಡೊಂದರ ಎರಡು ಸಾಲು ಹಾಡಿ ಹಾಕಿದ್ದಕ್ಕೆ ಸಾವಿರಾರು ಜನ ಬಂದರು, ತಿಂಗಳುಗಟ್ಟಲೆ ಕೂತು ಕಲಿತ, ಮುತ್ತುಸ್ವಾಮಿ ದೀಕ್ಷಿತರ ‘ಬಾಲಗೋಪಾಲ’ಕ್ಕೆ ನೂರು ಜನವೂ ಬರಲಿಲ್ಲ. ಹೆಸರಾಂತ ವಿದ್ವಾಂಸರು ಹಾಡಿದ ದೀಕ್ಷಿತರ ಕೃತಿಗಳ ಕೆಳಗೂ ಅಂಥ ದೊಡ್ಡ ಸಂಖ್ಯೆ ಕಾಣುವುದಿಲ್ಲ. “ಹಾಗಾದ್ರೆ ದೀಕ್ಷಿತರು ದೊಡ್ಡವರು ಅಂತ ಯಾವ ಲೆಕ್ಕದಲ್ಲಿ ಹೇಳ್ತೀರಿ ಮೇಷ್ಟ್ರೇ?” ಅಂದೆ. ನಿನ್ನ ಮುಖದಲ್ಲಿ ಉದ್ಧಟತನವಿರಲಿಲ್ಲ, ನೋವಿತ್ತು. ಮುಂದಿನ ಪಾಠದ ಮಕ್ಕಳು ಆಗಲೇ ಬಂದು ಕೂತಿದ್ದರು. ಅರ್ಧಂಬರ್ಧ ಉತ್ತರ ಕೊಟ್ಟು ನಿನ್ನನ್ನು ಕಳಿಸಲು ಮನಸ್ಸು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಿನಿಮಾ ಹಾಡಿನ ಮಾತು. ಅದನ್ನು ಹಾಡಿದ್ದಕ್ಕೆ ನನಗೇನೂ ಬೇಸರವಿಲ್ಲ. ದೀಕ್ಷಿತರು ಹರೆಯದಲ್ಲಿ ಮದ್ರಾಸಿನ ಹತ್ತಿರದ ಮಣಲಿಯಲ್ಲಿದ್ದಾಗ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನವರು ನುಡಿಸುತ್ತಿದ್ದ ಇಂಗ್ಲಿಷ್ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದರು. ನೊಟ್ಟುಸ್ವರ ಎನ್ನುತ್ತೇವಲ್ಲ, ಅವೇ. ಸುಮಾರು 40 ಸಿಗುತ್ತವೆ. ಅವುಗಳಲ್ಲಿ ಒಂದು ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟಿನದೇ. ಅದೇ ಕೋಟೆಯ ಒಡನಾಟದಲ್ಲಿ ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ಅದನ್ನು ಒಗ್ಗಿಸಿದರು. ಇಂದು ಪಿಟೀಲಿಲ್ಲದ ಕಛೇರಿಯನ್ನು ನೀನು ಊಹಿಸಿಕೊಳ್ಳಲೂ ಆರೆ. ಹೊರಗಿನದಕ್ಕೆ, ಜನ ಮೆಚ್ಚುವುದಕ್ಕೆ ಕಿವಿ ಮುಚ್ಚಿಕೊಂಡ ಮನೆತನವಲ್ಲ ಅದು.

ಇನ್ನು ಸಂಖ್ಯೆಯ ವಿಷಯ. ಆ ಸಂಖ್ಯೆ ಸುಳ್ಳು ಹೇಳುತ್ತದೆ ಎಂದು ನಾನು ಹೇಳುವುದಿಲ್ಲ. ಇಷ್ಟು ಜನರ ಬೆರಳು ಇಲ್ಲಿ ಒಂದು ಗಳಿಗೆ ನಿಂತಿತು ಎಂದು ಅದು ಹೇಳುತ್ತದೆ, ಅದು ನಿಜವೇ. ಆದರೆ ಅದಕ್ಕಿಂತ ಹೆಚ್ಚು ಅದಕ್ಕೆ ಗೊತ್ತಿಲ್ಲ. ನಿಂತವರು ಆಮೇಲೆ ಏನು ಮಾಡಿದರು, ಯಾರಾದರೂ ಆ ಸ್ವರವನ್ನು ಬಾಯಲ್ಲಿ ಗುನುಗುತ್ತ ಮಲಗಿದರೇ, ಯಾರಾದರೂ ಶ್ರುತಿಪೆಟ್ಟಿಗೆ ಹುಡುಕಿಕೊಂಡು ಹೋದರೇ, ಇವು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಅಷ್ಟೇ ಅಲ್ಲ. ದೀಕ್ಷಿತರ ಕೃತಿಗಳು ಸುಮಾರು 200 ವರ್ಷಗಳಿಂದ ದಿನವೂ ಹಾಡಿಕೊಂಡು ಬಂದಂಥವು: ದೇವಸ್ಥಾನದ ಪ್ರಾಕಾರದಲ್ಲಿ, ಅಡುಗೆಮನೆಯಲ್ಲಿ, ಬೆಳಗಿನ ಐದು ಗಂಟೆಯ ಸಾಧನೆಯಲ್ಲಿ, ಒಂದೇ ಸಂಗತಿಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುವ ಮಕ್ಕಳ ಬಾಯಲ್ಲಿ. ಇವನ್ನೆಲ್ಲ ಎಣಿಸಿದ ಯಂತ್ರ ಯಾವುದೂ ಇಲ್ಲ. ಮೊನ್ನೆ ಮೊನ್ನೆ ಎಣಿಸಲು ಶುರುಮಾಡಿದವರ ಲೆಕ್ಕವನ್ನು ಪೂರ್ತಿ ಲೆಕ್ಕವೆಂದುಕೊಂಡರೆ ನಷ್ಟ ನಿನಗೇ.

ದೀಕ್ಷಿತರ ಕಾಲದಲ್ಲೇ ಅವರನ್ನು ಎಷ್ಟು ಜನ ಕೇಳಿದ್ದರು? ತಿರುವಾರೂರಿನಲ್ಲಿ 1775ರ ಸುಮಾರಿಗೆ ಹುಟ್ಟಿದರು. ಹಂಸಧ್ವನಿ ರಾಗವನ್ನು ಕಟ್ಟಿಕೊಟ್ಟವರೆಂದು ಹೆಸರಾದ ರಾಮಸ್ವಾಮಿ ದೀಕ್ಷಿತರ ಮಗ. ಚಿದಂಬರನಾಥ ಯೋಗಿಗಳ ಜೊತೆ ಕಾಶಿಗೆ ಹೋಗಿ ಕೆಲವು ವರ್ಷ ಅಲ್ಲಿದ್ದರು. ಹಿಂತಿರುಗಿ ಬಂದ ಮೇಲೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ಆಯಾ ದೇವರ ಮುಂದೆ ನಿಂತು ಹಾಡಿದರು. ಸಭೆ ಕೂಡಿಸಿಕೊಂಡು ಮೆರೆದವರಲ್ಲ. ಅವರ ಕಾಲದಲ್ಲೇ ತ್ಯಾಗರಾಜರ ಕೃತಿಗಳು ಇವರ ಕೃತಿಗಳಿಗಿಂತ ಬೇಗ ಹರಡಿದವು, ಇಂದಿಗೂ ಕಛೇರಿಗಳಲ್ಲಿ ಹೆಚ್ಚು ಹಾಡುವುದು ತ್ಯಾಗರಾಜರನ್ನೇ. ಜನಪ್ರಿಯತೆಯೊಂದೇ ಅಳತೆಯಾಗಿದ್ದರೆ ಈ ಮಾತನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು.

ದೀಕ್ಷಿತರ ನವಗ್ರಹ ಕೃತಿಗಳ ಬಗ್ಗೆ ಒಂದು ಕಥೆ ಪರಂಪರೆಯಲ್ಲಿ ಬಂದಿದೆ. ತಿರುವಾರೂರು ದೇವಾಲಯದಲ್ಲಿ ಶುದ್ಧಮದ್ದಳೆ ನುಡಿಸುತ್ತಿದ್ದ ತಂಬಿಯಪ್ಪ ಎಂಬವನು ದೀಕ್ಷಿತರ ಶಿಷ್ಯ. ಅವನಿಗೆ ಹೊಟ್ಟೆನೋವು ಬಂತು, ಯಾವ ಔಷಧಕ್ಕೂ ಬಗ್ಗಲಿಲ್ಲ. ಜಾತಕದಲ್ಲಿ ಗುರುಬಲ ಇಲ್ಲವೆಂದು ಕಂಡ ದೀಕ್ಷಿತರು ಅಠಾಣ ರಾಗದಲ್ಲಿ ‘ಬೃಹಸ್ಪತೇ’ ಕಟ್ಟಿ ಅವನಿಗೆ ಹೇಳಿಕೊಟ್ಟರಂತೆ. ಅವನು ಹಾಡಿಕೊಂಡು ಗುಣಮುಖನಾದನಂತೆ. ಗುಣವಾದದ್ದನ್ನು ನಂಬುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಾನು ಹೇಳಬೇಕೆಂದದ್ದು ಬೇರೆ: ಈ ಕಥೆಯ ಪ್ರಕಾರ ಆ ಕೃತಿ ಹುಟ್ಟಿದ್ದು ಒಬ್ಬನೇ ಒಬ್ಬ ಕೇಳುಗನಿಗಾಗಿ. ಆ ಒಬ್ಬನಿಂದ ಆದದ್ದೇನು ನೋಡು. ತಂಬಿಯಪ್ಪನ ಬಳಿ ಸಾತನೂರು ಪಂಚನದ ಅಯ್ಯರ್ ಕಲಿತರು. ಅವರ ಬಳಿ ಮದ್ರಾಸಿನ ವೀಣೆ ಧನಮ್ಮಾಳ್ ಕಲಿತರು. ಧನಮ್ಮಾಳ್ (1867–1938) ಜಾರ್ಜ್‌ಟೌನಿನ ತಮ್ಮ ಮನೆಯಲ್ಲಿ ಶುಕ್ರವಾರದ ಸಂಜೆ ವೀಣೆ ನುಡಿಸುತ್ತಿದ್ದರು. ಪಕ್ಕವಾದ್ಯವಿಲ್ಲ, ಮೈಕು ಇಲ್ಲ. ಕೋಣೆಯಲ್ಲಿ ಹಿಡಿಸುವಷ್ಟೇ ಜನ, ಅವರಲ್ಲಿ ಆ ಕಾಲದ ದೊಡ್ಡ ವಿದ್ವಾಂಸರೂ ಇರುತ್ತಿದ್ದರು. ಉಸಿರು ಬಿಗಿಹಿಡಿದು ಕೇಳುತ್ತಿದ್ದರು ಎಂದು ಕೇಳಿದವರು ಬರೆದಿದ್ದಾರೆ. ಆ ಮನೆಯಲ್ಲೇ ಅವರ ಮೊಮ್ಮಕ್ಕಳಾದ ಬೃಂದಾ, ಮುಕ್ತಾ ಹಾಡುಗಾರರಾಗಿ ಬೆಳೆದರು, ಬಾಲಸರಸ್ವತಿ ನರ್ತಕಿಯಾದರು. ಇಪ್ಪತ್ತನೆಯ ಶತಮಾನದ ಸಂಗೀತವನ್ನೂ ನೃತ್ಯವನ್ನೂ ಬೃಂದಾ ಮತ್ತು ಬಾಲಸರಸ್ವತಿಯರ ಹೆಸರಿಲ್ಲದೆ ಬರೆಯಲು ಸಾಧ್ಯವಿಲ್ಲ.

ಇದೇ ದೀಕ್ಷಿತರ ಇನ್ನೊಂದು ಶಿಷ್ಯಶಾಖೆ ನಮ್ಮ ಊರಿಗೇ ಬಂತು. ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, ಇವರು ದೀಕ್ಷಿತರಲ್ಲಿ ಸಂಗೀತ ಕಲಿತವರು. ಅವರಲ್ಲಿ ಹಿರಿಯನಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು ಮೈಸೂರಿನ ನೃತ್ಯಕ್ಕೆ ಒಂದು ರೂಪ ಕೊಟ್ಟ. ಭರತನಾಟ್ಯದ ಅರಂಗೇಟ್ರದಲ್ಲಿ ಅಲರಿಪ್ಪಿನಿಂದ ತಿಲ್ಲಾನದವರೆಗೆ ನೀನು ನೋಡುವ ಕ್ರಮ ಈ ನಾಲ್ವರ ಕೊಡುಗೆ. ಮುಂದೆ ಜಯಚಾಮರಾಜ ಒಡೆಯರು ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದಾಗ ಶ್ರೀವಿದ್ಯೆಯ ತತ್ತ್ವ, ಸಾಹಿತ್ಯದೊಳಗೇ ರಾಗದ ಹೆಸರನ್ನು ಹೆಣೆಯುವ ರೀತಿ, ಇವುಗಳಿಗೆಲ್ಲ ಅವರ ಕಣ್ಣ ಮುಂದಿದ್ದ ಮಾದರಿ ದೀಕ್ಷಿತರೇ. ಅಷ್ಟೇಕೆ, ದೀಕ್ಷಿತರು ಹಿಡಿದು ನಡೆದ ಮೇಳಪದ್ಧತಿಯ ಮೂಲಪುರುಷ ವೆಂಕಟಮಖಿ, ತಂಜಾವೂರಿನ ನಾಯಕ ಅರಸರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರ ಮಗ. ಗೋವಿಂದ ದೀಕ್ಷಿತರು ಕನ್ನಡದವರು. ‘ವಾತಾಪಿ ಗಣಪತಿಂ’ ಎಂದು ನೀನು ಮೊದಲ ಕಛೇರಿಯಲ್ಲಿ ಹಾಡಿದೆಯಲ್ಲ, ಆ ವಾತಾಪಿಯ ಹೆಸರೂ ನಮ್ಮ ಬಾದಾಮಿಯದೇ. ಪಲ್ಲವರು ಗೆದ್ದಾಗ ಆ ಗಣಪತಿ ತಮಿಳುನಾಡಿಗೆ ಹೋದ ಎಂಬ ಪ್ರತೀತಿಯಿದೆ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಶಿಷ್ಯರ ಸಾಲು ಉದ್ದವಾಗಿದ್ದ ಮಾತ್ರಕ್ಕೆ ಒಬ್ಬರು ದೊಡ್ಡವರಾಗುತ್ತಾರೆಯೇ? ಇಲ್ಲ. ನನ್ನ ಮಟ್ಟಿಗೆ ದೀಕ್ಷಿತರ ದೊಡ್ಡತನದ ಗುರುತು ಇದು: ಒಂದು ರಾಗದ ವಿಷಯದಲ್ಲಿ ವಿದ್ವಾಂಸರಿಗೆ ಸಂದೇಹ ಬಂದರೆ ಅವರು ಹೋಗಿ ತಟ್ಟುವ ಬಾಗಿಲು ದೀಕ್ಷಿತರದು. ಈ ರಾಗದಲ್ಲಿ ಈ ಪ್ರಯೋಗ ಬರಬಹುದೇ, ಈ ಸ್ವರದಲ್ಲಿ ನಿಲ್ಲಬಹುದೇ, ಹಳಬರು ಇದನ್ನು ಹೇಗೆ ಹಿಡಿದಿದ್ದರು ಎಂದು ಜಗಳ ಹುಟ್ಟಿದಾಗ, “ದೀಕ್ಷಿತರ ಕೃತಿಯಲ್ಲಿ ಹೇಗಿದೆ ನೋಡಿ” ಎನ್ನುತ್ತಾರೆ. ಕುಮುದಕ್ರಿಯಾ ಎಂದ ಕೂಡಲೇ ನೆನಪಿಗೆ ಬರುವುದು ಅವರ ‘ಅರ್ಧನಾರೀಶ್ವರಂ’ ಒಂದೇ. ಆ ಕೃತಿ ತಪ್ಪಿಹೋಗಿದ್ದರೆ ಆ ರಾಗ ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ದ್ವಿಜಾವಂತಿಯ ‘ಚೇತಃಶ್ರೀ ಬಾಲಕೃಷ್ಣಂ’, ಯಮುನಾಕಲ್ಯಾಣಿಯ ‘ಜಂಬೂಪತೇ’ ಇವುಗಳಲ್ಲಿ ಉತ್ತರದ ರಾಗಗಳು ದಕ್ಷಿಣದ ಮೈಯನ್ನು ಪಡೆದದ್ದನ್ನು ನೀನೇ ಕೇಳಿದ್ದೀ. ಹೀಗೆ ನೂರಾರು ಸಂದೇಹಗಳಿಗೆ ಉತ್ತರವಾಗಿ ನಿಲ್ಲುವ ಮನುಷ್ಯನನ್ನು ಎಷ್ಟು ಜನ ನೋಡಿದರು ಎಂಬುದು ಎರಡನೆಯ ಮಾತು. ಹಾಡುವವರೆಲ್ಲರೂ ಒಂದಲ್ಲ ಒಂದು ದಿನ ಅವರ ಹತ್ತಿರ ಹೋಗಲೇಬೇಕು.

ಆದರೆ ಆ ಉತ್ತರಗಳು ತಮ್ಮಷ್ಟಕ್ಕೆ ತಾವೇ ಉಳಿದು ಬರಲಿಲ್ಲ. ಇದನ್ನು ನೀನು ಮನಸ್ಸಿಟ್ಟು ಕೇಳಬೇಕು.

ದೀಕ್ಷಿತರು 1835ರ ನರಕಚತುರ್ದಶಿಯಂದು ಎಟ್ಟಯಪುರದಲ್ಲಿ ತೀರಿಕೊಂಡರು. ತಮ್ಮ ಬಾಲುಸ್ವಾಮಿ ಅಲ್ಲಿನ ಆಸ್ಥಾನ ವಿದ್ವಾಂಸ. ಬಾಲುಸ್ವಾಮಿ ತಮ್ಮ ಮಗಳ ಮಗನನ್ನೇ ದತ್ತು ತೆಗೆದುಕೊಂಡು ತಿದ್ದಿದರು. ಆ ಹುಡುಗನೇ ಸುಬ್ಬರಾಮ ದೀಕ್ಷಿತರು, ಹುಟ್ಟಿದ್ದು 1839ರಲ್ಲಿ. ಮನೆಯೊಳಗಿನ ವಿದ್ಯೆ ಮನೆಯೊಳಗೇ ಇತ್ತು. ಸುಬ್ಬರಾಮರಿಗೆ ವಯಸ್ಸಾಗುತ್ತಿದ್ದ ಹೊತ್ತಿಗೆ ಮದ್ರಾಸಿನಲ್ಲಿ ಎ. ಎಂ. ಚಿನ್ನಸ್ವಾಮಿ ಮುದಲಿಯಾರ್ ಎಂಬ ಕ್ರೈಸ್ತ ವಿದ್ವಾಂಸರು ನಮ್ಮ ಕೃತಿಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಅಚ್ಚುಹಾಕುವ ಹುಚ್ಚು ಹಿಡಿಸಿಕೊಂಡಿದ್ದರು. ಹಾಡುಗಾರರ ಜೊತೆಗೇ ಕೃತಿಗಳೂ ಮಣ್ಣಾಗುತ್ತಿವೆ ಎಂಬ ಸಂಕಟ ಅವರದು. ಆ ಕೆಲಸದಲ್ಲಿ ಅವರ ಹಣವೂ ಕರಗಿತು, ಆರೋಗ್ಯವೂ ಕೆಟ್ಟಿತು. ಅವರು ಎಟ್ಟಯಪುರದ ಅರಸರನ್ನು ಕಂಡು, ಸುಬ್ಬರಾಮ ದೀಕ್ಷಿತರ ಬಳಿ ಇರುವುದೆಲ್ಲ ಗ್ರಂಥವಾಗಬೇಕೆಂದು ಬೇಡಿಕೊಂಡರು. ವಂಶದ ಆಸ್ತಿಯನ್ನು ಬೀದಿಗಿಡುವುದಕ್ಕೆ ಸುಬ್ಬರಾಮರು ಮೊದಲು ಹಿಂಜರಿದರು ಎನ್ನುತ್ತಾರೆ. ಕೊನೆಗೆ ಒಪ್ಪಿದರು. ಅರವತ್ತು ದಾಟಿದ ಮುದುಕರು ಹಗಲಿರುಳು ಕೂತು ಬರೆದರು. ಎಟ್ಟಯಪುರದ ವಿದ್ಯಾವಿಲಾಸಿನಿ ಮುದ್ರಣಾಲಯದಲ್ಲಿ 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಹೊರಬಂತು. ತೆಲುಗು ಲಿಪಿ, ಸಾವಿರಕ್ಕೂ ಮಿಕ್ಕಿದ ಪುಟಗಳು, ಮುತ್ತುಸ್ವಾಮಿ ದೀಕ್ಷಿತರ 229 ಕೃತಿಗಳು. ಎರಡು ವರ್ಷದ ಮೇಲೆ, 1906ರಲ್ಲಿ, ಸುಬ್ಬರಾಮರು ತೀರಿಕೊಂಡರು. ಇನ್ನೆರಡು ವರ್ಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಪುಸ್ತಕದ ಒಂದು ಪುಟ ತೆರೆದು ನೋಡು. ಸ್ವರಾಕ್ಷರಗಳ ತಲೆಯ ಮೇಲೆ ಚಿಕ್ಕ ಚಿಕ್ಕ ಗುರುತುಗಳು ಕಾಣುತ್ತವೆ. ಅಲೆಯಂತಿರುವುದು ಕಂಪಿತ. ಏರುವ ಓರೆಗೆರೆ ಮೇಲಕ್ಕೆ ಹೋಗುವ ಜಾರು, ಇಳಿಯುವ ಓರೆಗೆರೆ ಕೆಳಕ್ಕೆ ಬರುವ ಜಾರು. ಸ್ಫುರಿತಕ್ಕೆ ಬೇರೆ, ನೊಕ್ಕಿಗೆ ಬೇರೆ, ಒರಿಕೆಗೆ ಬೇರೆ. ಸ ರಿ ಗ ಮ ಬರೆದು ಕೈತೊಳೆದುಕೊಳ್ಳಬಹುದಿತ್ತು. ಅವರು ವೀಣೆಯ ತಂತಿಯ ಮೇಲೆ ಬೆರಳು ಎಲ್ಲಿ ಜಾರಬೇಕು, ಎಲ್ಲಿ ಅದುರಬೇಕು ಎನ್ನುವುದನ್ನು ಅಕ್ಷರ ಅಕ್ಷರಕ್ಕೂ ಗುರುತುಹಾಕಿದರು. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕಾಲದಲ್ಲಿ ಅಚ್ಚುಕೂಟದವರು ಅದನ್ನು ನಿಭಾಯಿಸಿದ ಬಗೆಯೇ ಒಂದು ತಪಸ್ಸು. ಯಾರಿಗಾಗಿ? ಇನ್ನೂ ಹುಟ್ಟದ ಹಾಡುಗಾರರಿಗಾಗಿ, ನಿನಗಾಗಿ.

ಸುಬ್ಬರಾಮರ ಮಗ ಅಂಬಿ ದೀಕ್ಷಿತರು ಮದ್ರಾಸಿಗೆ ಬಂದು ಪಾಠ ಹೇಳಿದರು. ಅವರ ಬಳಿ ಕಲಿತ ಟಿ. ಎಲ್. ವೆಂಕಟರಾಮ ಅಯ್ಯರ್ ವಕೀಲಿ ವೃತ್ತಿಯವರು, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. ಕೋರ್ಟಿನ ಕೆಲಸದ ನಡುವೆಯೇ ಕೃತಿಗಳನ್ನು ಕಲಿತು ಕಲಿಸಿದರು. ಅವರಿಂದ ಕಲಿತ ಡಿ. ಕೆ. ಪಟ್ಟಮ್ಮಾಳ್ ಅವನ್ನು ವೇದಿಕೆಗೆ ತಂದರು. ಈ ಸಾಲಿನಲ್ಲಿ ಯಾರೊಬ್ಬರು “ಯಾರು ಕೇಳುತ್ತಾರೆ ಇದನ್ನೆಲ್ಲ” ಎಂದು ಕೈಬಿಟ್ಟಿದ್ದರೂ ನೀನು ಇಂದು ಹಾಡುವ ಪಾಠ ನಿನ್ನವರೆಗೆ ಬರುತ್ತಿರಲಿಲ್ಲ.

ಈಗ ನಿನ್ನ ‘ಬಾಲಗೋಪಾಲ’ಕ್ಕೆ ಬರುತ್ತೇನೆ. ನೀನು ಹಾಕಿದ್ದು ಪಲ್ಲವಿಯ ಒಂದು ತುಣುಕು. ಅದನ್ನು ಸರಿಯಾದ ಚೌಕಕಾಲದಲ್ಲಿ, ಎರಡು ಕಳೆಯ ಆದಿತಾಳದಲ್ಲಿ ಹಿಡಿದರೆ, ರೀಲ್ಸಿನ ಅರ್ಧ ನಿಮಿಷದಲ್ಲಿ ಎರಡು ಆವರ್ತ ಮುಗಿಯುವುದೂ ಕಷ್ಟ. ಅದರ ರಾಗ ಭೈರವಿಯೋ ಅವಸರದ್ದಲ್ಲ. ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ. ಈ ಎರಡರ ನಡುವೆ ಕಿವಿ ಓಡಾಡಿದ ಮೇಲೆಯೇ ರಾಗ ಮುಖ ತೋರಿಸುತ್ತದೆ, ಒಂದು ಧೈವತ ಕೇಳಿಸುವಷ್ಟರಲ್ಲಿ ವಿಡಿಯೋ ಮುಗಿದಿರುತ್ತದೆ. ಆಮೇಲೆ ಚರಣ ಇದೆ. ಚರಣದ ಕೊನೆಗೆ ಮಧ್ಯಮಕಾಲ ಬರುತ್ತದೆ. ತಾಳ ಅದೇ ನಡಿಗೆಯಲ್ಲಿರುತ್ತದೆ, ಸಾಹಿತ್ಯ ಮಾತ್ರ ಇಮ್ಮಡಿ ವೇಗದಲ್ಲಿ ಹರಿಯತೊಡಗುತ್ತದೆ. ಅಷ್ಟು ಹೊತ್ತು ನಿಧಾನವಾಗಿ ಕಟ್ಟಿದ್ದೆಲ್ಲ ಅಲ್ಲಿ ಒಮ್ಮೆಲೇ ಉಕ್ಕುತ್ತದೆ. ದೀಕ್ಷಿತರು ತಮ್ಮ ಗುರುಗುಹ ಮುದ್ರೆಯ ಜೊತೆಗೆ ತಾವು ವೈಣಿಕರೂ ಹೌದು, ಗಾಯಕರೂ ಹೌದು ಎಂದು ಗುರುತು ಬಿಟ್ಟಿರುವುದೂ ಇದೇ ಕೃತಿಯ ಚರಣದಲ್ಲಿ. ಮಧ್ಯಮಕಾಲದ ಆ ಸುಖ ಕಾದವರಿಗೆ ಮಾತ್ರ ಸಿಗುವಂಥದ್ದು. ಬೆರಳು ಮೇಲಕ್ಕೆ ಸರಿಸಿ ಹೋದವರಿಗೆ ಅದು ಸಿಗಲಿಲ್ಲ. ಅವರ ಮೇಲೆ ಕೋಪ ಬೇಡ, ನೀನೇ ಅದನ್ನು ಕತ್ತರಿಸಿ ಹಾಕಿದ್ದೆಯಲ್ಲ. ಅರ್ಧ ನಿಮಿಷಕ್ಕೆ ಹೊಂದುವ ಹಾಡನ್ನು ಅರ್ಧ ನಿಮಿಷಕ್ಕೆ ಹಾಡು, ಹೊಂದದ್ದನ್ನು ಅದಕ್ಕಾಗಿ ಕುಗ್ಗಿಸಬೇಡ.

ಈ ಮೊಬೈಲನ್ನು ನಾನು ಶತ್ರುವೆಂದು ನೋಡುವವನಲ್ಲ. ನಮ್ಮ ಕಾಲದಲ್ಲಿ ಒಂದು ಅಪರೂಪದ ಕೃತಿ ಬೇಕೆಂದರೆ ಯಾರದೋ ಮನೆಗೆ ತಿಂಗಳುಗಟ್ಟಲೆ ಅಲೆಯಬೇಕಿತ್ತು. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಇಂದು ಬೃಂದಾ ಅವರ ದನಿಯನ್ನು, ಪಟ್ಟಮ್ಮಾಳರ ದನಿಯನ್ನು ನೀನು ಬಸ್ಸಿನಲ್ಲಿ ಕೂತು ಕೇಳಬಹುದು. ಅಮೆರಿಕದಲ್ಲಿರುವ ಕನ್ನಡದ ಹುಡುಗಿ ರಾತ್ರಿ ಹೊತ್ತು ಮೈಸೂರಿನಿಂದ ಪಾಠ ಹೇಳಿಸಿಕೊಳ್ಳುತ್ತಾಳೆ. ‘ಪ್ರದರ್ಶಿನಿ’ಯೇ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮುದಲಿಯಾರರು ಬದುಕಿದ್ದರೆ ಆನಂದದಿಂದ ಅಳುತ್ತಿದ್ದರೇನೋ. ಎಲ್ಲವೂ ಕೈಗೆಟುಕುವಲ್ಲಿ ಇದೆ, ತೆರೆದು ಕೂರುವವರು ಬೇಕು. ನೀನು ಅಂಥವಳಾಗಬೇಕೆಂಬುದು ನನ್ನ ಆಸೆ. ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ನನಗಿಲ್ಲ.

ನಿನ್ನ ವಯಸ್ಸಿನಲ್ಲಿ ಹೆಸರು ಬೇಕೆನ್ನಿಸುವುದು ಸಹಜ. ಅದು ತಪ್ಪೇನಲ್ಲ. ಕಛೇರಿಗೆ ಕರೆಯುವವರೂ ಈಗ ಮೊದಲು ಸಂಖ್ಯೆ ನೋಡುತ್ತಾರೆ ಎಂದು ನೀನು ಹೇಳಿದೆ, ಅದೂ ನಿಜವಿರಬೇಕು. ಹೊಟ್ಟೆಪಾಡಿನ ಮಾತನ್ನು ನಾನು ಹಗುರಾಗಿ ಕಾಣುವುದಿಲ್ಲ. ಹಾಕು, ಹಾಡು, ಜನ ಬರಲಿ. ಆದರೆ ಇಂದು ಯಾವ ಕೃತಿ ಕಲಿಯಬೇಕು ಎನ್ನುವುದನ್ನು ಆ ಸಂಖ್ಯೆಯ ಕೈಗೆ ಕೊಡಬೇಡ. ಅದರ ಮಾತು ಕೇಳಿದರೆ ಇನ್ನು ಐದು ವರ್ಷಕ್ಕೆ ನಿನಗೆ ನೂರು ಪಲ್ಲವಿ ಬಂದಿರುತ್ತದೆ, ಒಂದು ಚರಣವೂ ಬಂದಿರುವುದಿಲ್ಲ. ರಾಗ ಹಾಡಲು ಕೂತಾಗ ನಿನ್ನ ಮನೋಧರ್ಮಕ್ಕೆ ಆಧಾರವಾಗುವುದು ಪೂರ್ತಿ ಕಲಿತ ಕೃತಿ. ಚೌಕಕಾಲದ ದೊಡ್ಡ ಕೃತಿಗಳು ಮೈಗೂಡಿದವರ ಆಲಾಪನೆಯನ್ನು ಕೇಳು, ವ್ಯತ್ಯಾಸ ನಿನಗೇ ಗೊತ್ತಾಗುತ್ತದೆ.

ಹಾಕಿದ ವಿಡಿಯೋ ಅಳಿಸಬೇಕೇ ಎಂದೂ ಕೇಳಿದ್ದೆ. ಅಳಿಸಬೇಡ. ಚರಣವೂ ಬಂದ ಮೇಲೆ ಅದರ ಪಕ್ಕದಲ್ಲಿ ಪೂರ್ತಿ ಕೃತಿಯನ್ನೂ ಹಾಡಿ ಹಾಕು, ಹದಿನೈದು ನಿಮಿಷವಾದರೆ ಆಗಲಿ. ಕೆಳಗೆ ರಾಗ, ತಾಳ, ರಚನೆ ಯಾರದು, ಪಾಠ ಯಾರಿಂದ ಬಂತು ಎಂದು ಬರೆ. ಬರೆಯುವ ಜಾಗ ಬೇಕಾದಷ್ಟಿದೆ. ಮುಂದೆ ಎಲ್ಲೋ ಒಬ್ಬಳು ಈ ಪಾಠಾಂತರವನ್ನು ಹುಡುಕಿಕೊಂಡು ಬಂದರೆ ಅವಳಿಗೆ ಬೇಕಾಗುವುದು ಆ ನಾಲ್ಕು ಸಾಲು. ಹಾಕಿದ ಮೇಲೆ ನಾಲ್ಕು ದಿನ ಆ ಕಡೆ ತಿರುಗಿ ನೋಡಬೇಡ. ನಿಮ್ಮ ಓಣಿಯ ಆ ಪುಟ್ಟ ಹುಡುಗಿ ಬಾಗಿಲಲ್ಲಿ ನಿಂತು ನಿನ್ನ ಸಾಧನೆ ಕೇಳುತ್ತಾಳೆ ಎಂದೆಯಲ್ಲ, ಅವಳನ್ನು ಒಳಗೆ ಕರೆದು ಒಂದು ನೊಟ್ಟುಸ್ವರ ಹೇಳಿಕೊಡು. ಮಕ್ಕಳಿಗೆ ಬೇಗ ಬರುತ್ತದೆ, ಖುಷಿಯೂ ಆಗುತ್ತದೆ.

ಬರುವ ಭಾನುವಾರ ಸ್ವಲ್ಪ ಬೇಗ ಬಾ. ‘ಪ್ರದರ್ಶಿನಿ’ಯ ಭೈರವಿಯ ಪುಟಗಳನ್ನು ಮೊಬೈಲಿನಲ್ಲೇ ಇಳಿಸಿಕೊಂಡು ಬಾ. ತೆಲುಗು ಲಿಪಿ ಎಂದು ಹೆದರಬೇಡ, ಕನ್ನಡ ಓದುವವರಿಗೆ ಒಂದು ವಾರ ಕೂತರೆ ಹಿಡಿತಕ್ಕೆ ಬರುತ್ತದೆ. ಸುಬ್ಬರಾಮರು ಹಾಕಿದ ಜಾರಿನ ಗೆರೆಗಳನ್ನು ನೋಡಿಕೊಂಡು, ನಮ್ಮ ಪಾಠ ಎಲ್ಲಿ ಅವರ ಜೊತೆ ಸೇರುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ಇಬ್ಬರೂ ಕೂತು ನೋಡೋಣ. ಆಮೇಲೆ ಚರಣ ಶುರುಮಾಡೋಣ.